ಹಂಪಿಗೆ ಬಂದಾಗ ಒಗ್ಗರಣಿ–ಮಿರ್ಚಿ ತಿನ್ನಿ

ಹಂಪಿ ನೋಡಲು ಬರುವವರಲ್ಲಿ ಹಲವರು ಹೊಸಪೇಟೆಯಲ್ಲಿ ಇಡ್ಲಿ-ದೋಸೆ ತಿಂದು ಮುಂದೆ ಹೋಗುತ್ತಾರೆ. ಹಂಪಿಯ ಕೆಫೆಗಳಲ್ಲಿ ಪಿಜ್ಜಾ, ಪಾಸ್ತಾ, ಇಸ್ರೇಲಿ ತಿನಿಸುಗಳೂ ಸಿಗುತ್ತವೆ. ಆದರೆ ಈ ಸೀಮೆಯ ಜನರ ಅಚ್ಚುಮೆಚ್ಚಿನ ನಾಷ್ಟಾ ಒಗ್ಗರಣಿ–ಮಿರ್ಚಿ. ಅದನ್ನು ತಿನ್ನದೆ ಹೋಗಬೇಡಿ.

ಏನಿದು?

ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿದರೆ ಒಗ್ಗರಣಿ. ಮಂಡಕ್ಕಿ ಎಂದರೆ ಬೆಂಗಳೂರು, ಮೈಸೂರು ಕಡೆಯ ಪುರಿ. ಮಿರ್ಚಿ ಎಂದರೆ ಉದ್ದ ಮೆಣಸಿನಕಾಯಿಯ ಬಜ್ಜಿ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯೆಲ್ಲ ಈ ಜೋಡಿ ಮನೆಮಾತು.

ಹೇಗೆ ಮಾಡುತ್ತಾರೆ?

ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ಮೆತ್ತಗಾದ ಕೂಡಲೇ ಹಿಂಡಿ ತೆಗೆಯುತ್ತಾರೆ. ತಡವಾದರೆ ಮುದ್ದೆಯಾಗುತ್ತದೆ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ (ಈರುಳ್ಳಿ) ಬಾಡಿಸುತ್ತಾರೆ. ಅರಿಸಿನ, ಉಪ್ಪು, ಹುಣಸೆರಸ ಸೇರಿಸಿ ಮಂಡಕ್ಕಿ ಕಲಸುತ್ತಾರೆ. ಕೊನೆಗೆ ಉದುರಿಸುವುದು ಪುಟಾಣಿ ಪುಡಿ, ಅಂದರೆ ಹುರಿಗಡಲೆ ಪುಡಿ. ಅದು ಉಳಿದ ತೇವ ಹೀರಿಕೊಂಡು ಒಗ್ಗರಣಿಯನ್ನು ಉದುರುದುರಾಗಿಸುತ್ತದೆ. ರುಚಿಯ ಗುಟ್ಟೂ ಅದೇ.

ಮಿರ್ಚಿಗೆ ಮೆಣಸಿನಕಾಯಿ ಸೀಳಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಹಿಟ್ಟಿಗೆ ಅಜವಾನ, ಅಂದರೆ ಓಮ, ಹಾಕುವುದೂ ಉಂಟು.

ಖಾರ ತಡೆಯಲಾಗುತ್ತದೆಯೇ?

ಬಜ್ಜಿಗೆ ಬಳಸುವ ತಿಳಿಹಸಿರು ಕಾಯಿ ಸಾಮಾನ್ಯವಾಗಿ ಸೌಮ್ಯ. ಖಾರ ಹೆಚ್ಚಿರುವುದು ಬೀಜ ಹಿಡಿದಿರುವ ಬಿಳಿ ತಿರುಳಿನಲ್ಲಿ. ಅದನ್ನು ಬಿಡಿಸಿ ತಿನ್ನಿ. ಮಕ್ಕಳಿಗೆ ಬರೀ ಒಗ್ಗರಣಿ ಕೊಡಿ, ಹಸಿಮೆಣಸಿನ ಚೂರು ಆರಿಸಿಬಿಡಿ. ಖಾರ ಹತ್ತಿದರೆ ನೀರಿಗಿಂತ ಮೊಸರು, ಮಜ್ಜಿಗೆ ಒಳ್ಳೆಯದು.

ಎಲ್ಲಿ, ಯಾವಾಗ, ಎಷ್ಟಕ್ಕೆ?

ದೊಡ್ಡ ಹೋಟೆಲಿನ ಮೆನುವಿನಲ್ಲಿ ಹುಡುಕಬೇಡಿ. ಹೊಸಪೇಟೆ, ಕಂಪ್ಲಿ, ಸಂಡೂರಿನ ಬಸ್ ನಿಲ್ದಾಣ, ಮಾರುಕಟ್ಟೆ ಸುತ್ತಲಿನ ಸಣ್ಣ ಹೋಟೆಲು, ತಳ್ಳುಗಾಡಿಗಳಲ್ಲಿ ವಿಚಾರಿಸಿ. ಬೆಳಿಗ್ಗೆ ಬೇಗ ಹೋಗಿ. ಒಗ್ಗರಣಿ ಆರಿದರೆ ಗಟ್ಟಿಯಾಗುತ್ತದೆ, ಮಿರ್ಚಿ ಮೆತ್ತಗಾಗುತ್ತದೆ. ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿಯನ್ನೇ ಕೇಳಿ ಪಡೆಯಿರಿ. ಎಣ್ಣೆ ಕಪ್ಪಾಗಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಮಿರ್ಚಿಯ ಬೆಲೆ ಕೆಲವೆಡೆ ಪ್ಲೇಟಿನಲ್ಲೇ ಸೇರಿರುತ್ತದೆ, ಕೆಲವೆಡೆ ಬೇರೆ. ಮೊದಲೇ ಕೇಳಿಕೊಳ್ಳಿ. ಒಬ್ಬರ ಹೊಟ್ಟೆ ತುಂಬಲು ನೂರು ರೂಪಾಯಿ ಬೇಕಾಗುವುದಿಲ್ಲ.

ಹೊಸಪೇಟೆಯಿಂದ ಹಂಪಿ ಸುಮಾರು 13 ಕಿ.ಮೀ. ಮಧ್ಯಾಹ್ನದ ಬಿಸಿಲಿಗೆ ಅಲ್ಲಿನ ಬಂಡೆಗಳು ಕಾಯುತ್ತವೆ. ಆದ್ದರಿಂದ ಬೆಳಿಗ್ಗೆಯೇ ಒಗ್ಗರಣಿ ತಿಂದು, ನೀರಿನ ಬಾಟಲಿ ತುಂಬಿಸಿಕೊಂಡು ಹೊರಡಿ. ಊರಿನ ಗುಡಿಗಳ ಜೊತೆ ಊರಿನ ಊಟವನ್ನೂ ಅರಿಯಿರಿ.