ತಾಯಿಗೆ ಬಿಪಿ ಇದ್ರೆ ಕೂಸಿನ ರಕ್ತಕ್ಕೇನು?

ಬೆಂಗಳೂರಲ್ಲಿ ಕೆಲಸ, ಹೆರಿಗೆಗೆ ತವರುಮನೆ. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಹೆಣ್ಣುಮಕ್ಕಳ ಲೆಕ್ಕಾಚಾರ ಇದೇ. ಸೀಮಂತ ಮುಗಿಸಿ ಊರಿಗೆ ಹೊರಡುವಾಗ ಸೀರೆ, ಬಳೆ ಎಲ್ಲ ಬ್ಯಾಗಿಗೆ ಸೇರುತ್ತೆ. ಬಿಪಿ ಬರೆದಿರೋ ಫೈಲ್ ಮಾತ್ರ ಮರೆತುಹೋಗುತ್ತೆ. ಆ ಫೈಲ್ ತಾಯಿಗಷ್ಟೇ ಅಲ್ಲ, ಹುಟ್ಟೋ ಕೂಸಿಗೂ ಬೇಕು.

20 ವಾರದ ನಂತರ ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಗರ್ಭಿಣಿಯರಲ್ಲಿ ಕಾಣೋ ಏರು ರಕ್ತದೊತ್ತಡ. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದ್ರೆ ಪ್ರಿಎಕ್ಲಾಂಪ್ಸಿಯಾ ಅಂತಾರೆ. ಆಗ ಮಾಸಿಗೆ, ಅಂದ್ರೆ ಪ್ಲಾಸೆಂಟಾಗೆ, ರಕ್ತ ಸರಿಯಾಗಿ ಹರಿಯಲ್ಲ. ಒಳಗಿರೋ ಮಗುವಿಗೆ ಆಮ್ಲಜನಕ ಕಮ್ಮಿಯಾಗುತ್ತೆ. ಅದನ್ನು ಸರಿದೂಗಿಸೋಕೆ ಮಗುವಿನ ದೇಹ ಕೆಂಪು ರಕ್ತಕಣಗಳನ್ನು ಹೆಚ್ಚೆಚ್ಚು ತಯಾರಿಸುತ್ತೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ತಯಾರಿ ತಗ್ಗಬಹುದು.

ಇದರಿಂದ ಏನಾಗುತ್ತೆ? ಪ್ಲೇಟ್‌ಲೆಟ್ 1.5 ಲಕ್ಷಕ್ಕಿಂತ ಕೆಳಗಿದ್ದರೆ ಕಮ್ಮಿ ಅಂತ ಲೆಕ್ಕ. ತೀರಾ ಇಳಿದರೆ ರಕ್ತಸ್ರಾವದ ಭಯ. ನ್ಯೂಟ್ರೋಫಿಲ್ ಅನ್ನೋ ಬಿಳಿಕಣ ಇಳಿದರೆ ಸೋಂಕು ತಗಲೋ ಸಾಧ್ಯತೆ ಹೆಚ್ಚು. ಕೆಂಪುಕಣ ಜಾಸ್ತಿಯಾಗಿ ರಕ್ತ ಮಂದವಾದರೆ ಕಾಮಾಲೆ ಏರಬಹುದು, ಸಕ್ಕರೆ ಅಂಶ ಇಳಿಯಬಹುದು.

ಮಳವಳ್ಳಿಗೆ ಹೆರಿಗೆಗೆ ಬಂದಿದ್ದ ನನ್ನ ತಂಗಿಗೆ ಎಂಟನೇ ತಿಂಗಳಲ್ಲಿ ಕಾಲು, ಮುಖ ಊದಿತ್ತು. "ಬಸ್ರಿ ಅಂದ್ಮೇಲೆ ಊದ್ಕೊಳಲ್ವಾ, ಅದ್ಕೆಲ್ಲ ಎದ್ರುಕೊಂಡ್ರೆ ಆಯ್ತದಾ ಮಗಾ?" ಅಂದ್ರು ಅಜ್ಜಿ. ಅಮ್ಮ ಕೇಳಲಿಲ್ಲ, ಅವತ್ತೇ ತೋರಿಸಿದ್ರು. ಬಿಪಿ 150/100. ಹೆರಿಗೆ ಮಂಡ್ಯದಲ್ಲಾಯ್ತು. ಫೈಲ್ ನೋಡಿದ ಮಕ್ಕಳ ಡಾಕ್ಟರು ಮೊದಲ ದಿನವೇ ಕೂಸಿಗೆ ರಕ್ತ ಪರೀಕ್ಷೆ ಮಾಡಿಸಿದರು. ಪ್ಲೇಟ್‌ಲೆಟ್ ಕಮ್ಮಿ ಇತ್ತು. ರಕ್ತ ಕೊಡಬೇಕಾಗಲಿಲ್ಲ, ಮತ್ತೆ ಮತ್ತೆ ಪರೀಕ್ಷೆ ಮಾಡ್ತಾ ಕಾದರು. ವಾರ ಕಳೆಯೋದ್ರಲ್ಲಿ ಸರಿಹೋಯ್ತು.

ಹೆಚ್ಚಿನ ಕೂಸುಗಳಲ್ಲಿ ಆಗೋದು ಹೀಗೇ, ಕೆಲವು ದಿನಗಳಲ್ಲಿ ತಾನಾಗೇ ಸರಿಯಾಗುತ್ತೆ. ದಿನ ತುಂಬದೆ ಹುಟ್ಟಿದ, ತೂಕ ಕಮ್ಮಿ ಇರೋ ಮಕ್ಕಳ ಮೇಲೆ ಮಾತ್ರ ಹೆಚ್ಚು ನಿಗಾ ಬೇಕು.

ಹಾಗಾದ್ರೆ ನಾವೇನು ಮಾಡೋದು? ಪ್ರತಿ ಭೇಟಿಯಲ್ಲೂ ಬಿಪಿ ನೋಡಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ. ಆಶಾ ಕಾರ್ಯಕರ್ತೆಯನ್ನು ಕೇಳಿದ್ರೆ ಎಲ್ಲಿಗೆ ಬರಬೇಕು ಅಂತ ಹೇಳ್ತಾರೆ. ಡಾಕ್ಟರು ಕೊಟ್ಟ ಬಿಪಿ ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಮನೇಲಿ ಬೇರೆಯವರು ನುಂಗೋ ಬಿಪಿ ಮಾತ್ರೆ ತಗೋಬೇಡಿ. ಕೆಲವು ಹೊಟ್ಟೆಯಲ್ಲಿರೋ ಮಗುವಿಗೆ ಅಪಾಯ. ವಿಪರೀತ ತಲೆನೋವು, ಕಣ್ಣು ಮಂಜಾಗೋದು, ಹೊಟ್ಟೆ ಮೇಲ್ಭಾಗದಲ್ಲಿ ನೋವು, ದಿಢೀರ್ ಮುಖ ಊತ ಕಂಡ್ರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಹೆರಿಗೆಯಾದ ಮೇಲೆ ಮಗುವನ್ನು ನೋಡೋ ಡಾಕ್ಟರಿಗೆ "ತಾಯಿಗೆ ಬಿಪಿ ಇತ್ತು" ಅಂತ ಬಾಯಿಬಿಟ್ಟು ಹೇಳಿ. ತಾಯಿ ಕಾರ್ಡಿನ ಪ್ರತಿ ಪುಟದ ಫೋಟೊ ಇವತ್ತೇ ತೆಗೆದು, ಗಂಡನ ಫೋನಿಗೂ ಅಮ್ಮನ ಫೋನಿಗೂ ಕಳಿಸಿಬಿಡಿ.