ಇವಿ ಕಾರು, ತೆರಿಗೆ ವಿನಾಯಿತಿ: ಬೆಳಗಾವಿ–ಖಾನಾಪುರದ ಲೆಕ್ಕ

ನೋಡ್ರಿ, 12 ಲಕ್ಷದ ಪೆಟ್ರೋಲ್ ಕಾರಿಗೆ ಬೆಳಗಾವಿಯ ಕೆಎ-22 ನಂಬರ್ ಬೇಕಂದ್ರ, 2024ರ ದರದಾಗ 17% ಜೀವಾವಧಿ ತೆರಿಗೆ. ಅಂದ್ರ ಎರಡು ಲಕ್ಷದ ಮ್ಯಾಲ!

ಎಲೆಕ್ಟ್ರಿಕ್ ಗಾಡಿಗೆ ಈ ತೆರಿಗೆಯನ್ನ ಕರ್ನಾಟಕ 2016ರಾಗ ಪೂರಾ ಬಿಟ್ಟಿತು. 2019ರ ಆಗಸ್ಟ್‌ನಾಗ ಜಿಎಸ್‌ಟಿನೂ 12ರಿಂದ 5%ಕ್ಕ ಇಳೀತು. ಬ್ಯಾಟರಿಯಿಂದ ಏರಿದ್ದ ರೇಟು ಪೆಟ್ರೋಲ್ ಕಾರಿನ ಸಮೀಪ ಬಂತು. ‘ತಗೋಬಹುದಲ್ಲ’ ಅನ್ನೂ ವಿಚಾರ ಮನ್ಯಾಗ ಹುಟ್ಟಿದ್ದ ಇಲ್ಲಿಂದ.

2024ರಾಗ ಒಂದು ಗೆರಿ ಬಿತ್ತು. 25 ಲಕ್ಷ ದಾಟಿದ ಇವಿ ಕಾರಿಗೆ 10% ತೆರಿಗೆ. ಆಗಿನ ದರದಾಗ 24 ಲಕ್ಷದ್ದಕ್ಕ ಸೊನ್ನೆ, 26 ಲಕ್ಷದ್ದಕ್ಕ 2.6 ಲಕ್ಷ! ಯಾವ ಮಾಡೆಲ್ ಆರಿಸಬೇಕು ಅನ್ನೂದನ್ನೂ ತೆರಿಗೆ ಹಿಂಗ ತಿರುಗಸ್ತದ.

ಆದ್ರ ತೆರಿಗೆ ಉಳಿಯೂದು ಒಂದ ಸಲ, ಗಾಡಿ ಓಡೂದು ದಿನಾ. ಖಾನಾಪುರದಿಂದ ಬೆಳಗಾವಿಗೆ ಹೋಗಿಬರೂದು 50 ಕಿಲೋಮೀಟರ್ ಆಸುಪಾಸು. ಮನ್ಯಾಗ ಚಾರ್ಜಿಂಗ್ ಪಾಯಿಂಟ್ ಇದ್ರ ಇದು ಸಲೀಸು. ಲೋಂಡಾ, ಜಾಂಬೋಟಿ ಕಾಡಿನ ದಾರಿ ಹಿಡಿದು ಗೋವಾಕ್ಕ ಹೋಗೋರು ಮಾತ್ರ ಚಾರ್ಜಿಂಗ್ ಜಾಗ ಮೊದಲ ನೋಡ್ಕೋರಿ.

ತೆರಿಗೆ ದರ ಬದಲಾಗ್ತಿರ್ತಾವ. ಬುಕಿಂಗ್ ಮಾಡೂ ಮೊದಲ ಆರ್‌ಟಿಒ ಕಚೇರಿಯಾಗ ಇವತ್ತಿನ ದರ ಕೇಳ್ರಿ. ಎರಡೂ ಕಾರಿನ ಆನ್-ರೋಡ್ ಬೆಲೆ ಪಕ್ಕಪಕ್ಕ ಬರ್ಕೊಂಡು, ಆಮ್ಯಾಲ ನಿರ್ಧಾರ ಮಾಡ್ರಿ.