ಹಳೆಯ ಜೀಪನ್ನು ತಗ್ಗಿಸುವ ಮುನ್ನ

ಕೊಡಗಿನ ಚೆಟ್ಟಳ್ಳಿಯ ಕಾಫಿ ತೋಟಗಳಲ್ಲಿ ಜೀಪು ಶೋಕಿಯ ವಸ್ತುವಲ್ಲ. ಗೊಬ್ಬರ ಸಾಗಿಸಲು, ಕುಯ್ದ ಹಣ್ಣಿನ ಮೂಟೆಗಳನ್ನು ಸಂಜೆ ಕಣಕ್ಕೆ ತರಲು, ರಾತ್ರಿ ಹೊತ್ತು ಯಾರಿಗಾದರೂ ಹುಷಾರು ತಪ್ಪಿದರೆ ಮಡಿಕೇರಿಗೆ ಒಯ್ಯಲು ಇಟ್ಟುಕೊಂಡ ಗಾಡಿ ಅದು. ಮಡಿಕೇರಿಯಿಂದ ಸಿದ್ದಾಪುರದ ಕಡೆಗೆ ಹೋಗುವ ರಸ್ತೆಗೇನೋ ಡಾಂಬರಿದೆ. ಅಲ್ಲಿಂದ ತೋಟದೊಳಕ್ಕೆ ತಿರುಗಿದರೆ ಕೆಮ್ಮಣ್ಣಿನ ಇಳಿಜಾರು, ಮಳೆನೀರು ಪಕ್ಕಕ್ಕೆ ಹಾಯಲೆಂದು ದಾರಿಗೆ ಅಡ್ಡವಾಗಿ ಕಡಿದ ಚರಂಡಿ, ಮರದ ಬೇರು, ಚಕ್ರ ಉರುಳಿ ಉರುಳಿ ಬಿದ್ದ ಹಳ್ಳ. ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ 1946ರಿಂದ ಈ ಊರಿನಲ್ಲಿದೆ. ಗಿಡ, ಮಣ್ಣು, ಕೀಟಗಳ ಬಗ್ಗೆ ಇಲ್ಲಿ ದಶಕಗಳ ಅಧ್ಯಯನ ನಡೆದಿದೆ. ಬೆಳೆದ ಕಾಫಿಯನ್ನು ಹೊತ್ತು ತರುವ ಗಾಡಿಯ ಅಡಿಯಲ್ಲೂ ಅಷ್ಟೇ ಗಂಭೀರವಾದ ವಿಜ್ಞಾನವಿದೆ.

ಹಳೆಯ ಜೀಪು, ಪಿಕಪ್ಪುಗಳನ್ನು ಹೊಸದಾಗಿ ಕಟ್ಟಿಸುವವರಲ್ಲಿ ಎರಡು ಬಗೆಯ ಆಸೆಗಳಿರುತ್ತವೆ. ಗಾಡಿಯನ್ನು ಎತ್ತರಿಸಬೇಕು ಎನ್ನುವವರು ಕೊಡಗಿನಲ್ಲಿ ಹೆಚ್ಚು. ನೆಲಕ್ಕೆ ತಾಗುವಷ್ಟು ತಗ್ಗಿಸಿ, ಕಾರಿನ ಹಾಗೆ ಮೆತ್ತಗೆ ಓಡುವಂತೆ ಮಾಡಬೇಕು ಎನ್ನುವುದು ಇನ್ನೊಂದು ಆಸೆ. ಅದರ ತವರು ಅಮೆರಿಕ. ಅಲ್ಲಿ 1950, 60ರ ದಶಕದ ಫೋರ್ಡ್ ಎಫ್-100 ಪಿಕಪ್ಪುಗಳ ಮುಂಭಾಗದ ಆಕ್ಸಲ್ಲನ್ನು ಪೂರ್ತಿ ಬಿಚ್ಚಿ, ಆ ಜಾಗಕ್ಕೆ ಫೋರ್ಡ್ ಕ್ರೌನ್ ವಿಕ್ಟೋರಿಯಾ ಕಾರಿನ ಮುಂಭಾಗದ ಸಸ್ಪೆನ್ಷನ್ನನ್ನು ಕೂರಿಸುತ್ತಾರೆ. ಪೊಲೀಸರು, ಟ್ಯಾಕ್ಸಿಯವರು ಓಡಿಸಿ ಸವೆಸಿದ ಆ ಕಾರುಗಳು ಗುಜರಿಯಲ್ಲಿ ಹೇರಳ. 2003ರ ನಂತರದ ಮಾದರಿಗಳಲ್ಲಂತೂ ತೋಳು, ಸ್ಪ್ರಿಂಗು, ಸ್ಟೇರಿಂಗು, ಬ್ರೇಕುಗಳೆಲ್ಲ ಒಂದೇ ಅಲ್ಯೂಮಿನಿಯಂ ಚೌಕಟ್ಟಿಗೆ ಜೋಡಿಸಿಕೊಂಡಿದ್ದು, ಇಡಿಯಾಗಿ ಇಳಿಸಿಕೊಳ್ಳಬಹುದು. ಗಾಡಿ ತಗ್ಗುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ, ಡಿಸ್ಕ್ ಬ್ರೇಕೂ ಸಿಗುತ್ತದೆ. ಆದರೆ ಈ ಚೌಕಟ್ಟು ಹಳೆಯ ಪಿಕಪ್ಪಿಗಿಂತ ಅಗಲವಾದ್ದರಿಂದ ಚಕ್ರಗಳು ಮಡ್‌ಗಾರ್ಡಿನಿಂದ ಹೊರಗೆ ಚಾಚದಂತೆ ಬೇರೆ ಬಗೆಯ ಚಕ್ರದ ರಿಮ್ಮುಗಳನ್ನು ಹುಡುಕಬೇಕಾಗುತ್ತದೆ.

ಇದೇ ಕೆಲಸವನ್ನು ಚೆಟ್ಟಳ್ಳಿಯ ತೋಟದ ಗಾಡಿಗೆ ಮಾಡಿದರೆ ಏನಾದೀತು? ಇದಕ್ಕೆ ಉತ್ತರ ಹುಡುಕಲು ಹಳೆಯ ಜೀಪಿನ ಮುಂಭಾಗ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ವಿಲ್ಲೀಸ್ ಜೀಪಿನಲ್ಲಿ, ಅದರ ವಂಶದ ಮಹೀಂದ್ರ ಎಂಎಂ 540ರಲ್ಲಿ ಎಡ–ಬಲದ ಎರಡೂ ಮುಂದಿನ ಚಕ್ರಗಳನ್ನು ಒಂದೇ ಉಕ್ಕಿನ ಆಕ್ಸಲ್ ಹಿಡಿದಿಡುತ್ತದೆ. ಗ್ಯಾರೇಜಿನವರು ಇದನ್ನು ಹೌಸಿಂಗ್ ಎನ್ನುತ್ತಾರೆ. ಅದರ ಎರಡು ಬದಿಗೆ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗುಗಳಿವೆ. ಈ ಪ್ಲೇಟುಗಳು ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತವೆ: ಭಾರ ಹೊರುತ್ತವೆ, ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಹಿಡಿಯುತ್ತವೆ, ಒಂದಕ್ಕೊಂದು ಉಜ್ಜಿಕೊಂಡು ಕುಲುಕಾಟವನ್ನು ಅಷ್ಟಿಷ್ಟು ತಣಿಸುತ್ತವೆ. ಕೆಟ್ಟರೆ ಯಾವ ಊರಿನ ಕುಲುಮೆಯಲ್ಲಾದರೂ ರಿಪೇರಿಯಾಗುತ್ತವೆ. ತೋಟಗಳಲ್ಲಿ ಇವು ಇಷ್ಟು ಕಾಲ ಉಳಿದುಕೊಂಡಿರುವುದಕ್ಕೆ ಈ ಸರಳತೆಯೇ ಮುಖ್ಯ ಕಾರಣ.

ದೋಷ ಇರುವುದು ಎರಡು ಚಕ್ರಗಳ ಈ ನಂಟಿನಲ್ಲೇ. ಎಡ ಚಕ್ರ ಕಲ್ಲು ಹತ್ತಿದರೆ ಇಡೀ ಆಕ್ಸಲ್ ಓರೆಯಾಗುತ್ತದೆ, ಬಲ ಚಕ್ರವೂ ವಾಲುತ್ತದೆ. ತಿರುಗುವ ಚಕ್ರವನ್ನು ಹೀಗೆ ವಾಲಿಸಿದಾಗ, ತಿರುಗುತ್ತಿರುವ ಬುಗುರಿಯನ್ನು ತಳ್ಳಿದರೆ ಆಗುವಂತೆ, ಅದು ತಳ್ಳಿದ ದಿಕ್ಕಿಗೆ ಹೋಗದೆ ಅಡ್ಡಕ್ಕೆ ಹೊರಳಲು ನೋಡುತ್ತದೆ. ಸ್ಟೇರಿಂಗ್ ಕೈಯಲ್ಲಿ ಗಡಗಡ ನಡುಗುವುದಕ್ಕೆ ಇದು ಒಂದು ಮೂಲ. ಬುಷ್ ಸವೆದು ಸಡಿಲಾಗಿದ್ದರೆ ಆ ನಡುಕ ತಾನೇ ತಾನಾಗಿ ಬೆಳೆಯುತ್ತ ಹೋಗುತ್ತದೆ.

1930ರ ದಶಕದಲ್ಲಿ ಕಾರು ತಯಾರಕರು ಈ ನಂಟನ್ನು ಕಡಿದರು. ಮರ್ಸಿಡಿಸ್ ಬೆಂಝ್ 1933ರಲ್ಲಿ, ಜನರಲ್ ಮೋಟರ್ಸ್ 1934ರಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ಪ್ರತ್ಯೇಕ ತೋಳು, ಪ್ರತ್ಯೇಕ ಸ್ಪ್ರಿಂಗ್ ಕೊಟ್ಟವು. ರೋಲ್ಸ್‌ರಾಯ್ಸ್‌ನಿಂದ ಅಮೆರಿಕಕ್ಕೆ ಹೋಗಿದ್ದ ಎಂಜಿನಿಯರ್ ಮಾರಿಸ್ ಆಲಿ, ಜನರಲ್ ಮೋಟರ್ಸಿನಲ್ಲಿ ಭಾರಗಳನ್ನು ಹಿಂದೆ ಮುಂದೆ ಸರಿಸಬಹುದಾದ ಒಂದು ಪ್ರಯೋಗದ ಕಾರು ಕಟ್ಟಿ, ಜನರನ್ನು ಕೂರಿಸಿ ಓಡಿಸಿ ನೋಡಿದರು. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆತ್ತಗಿದ್ದರೆ ಪ್ರಯಾಣ ಹಿತವಾಗುತ್ತದೆ ಎಂದು ಅವರು ಕಂಡುಕೊಂಡರು. ಅದಕ್ಕೆ ಕಾರಣ ಹೀಗಿದೆ. ಉಬ್ಬನ್ನು ಮೊದಲು ಹತ್ತುವುದು ಮುಂದಿನ ಚಕ್ರ. ವಿಲ್ಲೀಸ್ ಜೀಪಿನ ಮುಂದಿನ–ಹಿಂದಿನ ಚಕ್ರಗಳ ನಡುವಣ ಅಂತರ 80 ಅಂಗುಲ, ಅಂದರೆ ಸುಮಾರು 2 ಮೀಟರ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹಿಂದಿನ ಚಕ್ರ ಅದೇ ಉಬ್ಬಿಗೆ ಬರುವುದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ತುಸು ತಡವಾಗಿ. ತಡವಾಗಿ ಕುಣಿಯಲು ಆರಂಭಿಸಿದ ಹಿಂಭಾಗ ಸ್ವಲ್ಪ ಬೇಗ ಬೇಗ ಕುಣಿದರೆ ಮುಂಭಾಗದ ತಾಳವನ್ನು ಹಿಡಿಯುತ್ತದೆ. ಗಾಡಿ ತೂಗಾಡದೆ ಸಮತಲವಾಗಿ ಮೇಲೆ ಕೆಳಗೆ ಹೋಗಿ ನಿಲ್ಲುತ್ತದೆ. ಮುಂಭಾಗಕ್ಕೆ ಗಡಸು ಸ್ಪ್ರಿಂಗ್ ಹಾಕಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

ನಮ್ಮವರಿಗೆ ಇದು ಅನುಭವದಿಂದಲೇ ಗೊತ್ತಿರುವ ವ್ಯತ್ಯಾಸ. ಅಂಬಾಸಿಡರ್ ಕಾರಿಗೆ ಮುಂದೆ ಟಾರ್ಷನ್ ಬಾರ್ ಇತ್ತು. ಚಕ್ರ ಮೇಲೆದ್ದಾಗ ಉಕ್ಕಿನ ಉದ್ದನೆಯ ಸಲಾಕೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಏರ್ಪಾಡು ಅದು. ಅದೇ ಗುಂಡಿಯಲ್ಲಿ ಜೀಪು ಎತ್ತಿಹಾಕಿದರೆ ಅಂಬಾಸಿಡರ್ ತೇಲಿಸುತ್ತಿತ್ತು. ಮಹೀಂದ್ರ ಕೂಡ 2010ರಲ್ಲಿ ಥಾರ್ ತಂದಾಗ ಹಿಂದೆ ಲೀಫ್ ಸ್ಪ್ರಿಂಗ್ ಉಳಿಸಿಕೊಂಡು ಮುಂದೆ ಟಾರ್ಷನ್ ಬಾರ್ ಹಾಕಿತು; 2020ರ ಥಾರ್‌ನಲ್ಲಿ ಅದೂ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು. ಅಂದರೆ ಹಳೆಯ ಜೀಪಿನ ಮುಂಭಾಗವನ್ನು ಬದಲಿಸುವ ಕೆಲಸವನ್ನು ಕಾರ್ಖಾನೆಯೇ ಮಾಡಿದೆ. ಆದರೆ ಅದಕ್ಕಾಗಿ ಚಾಸಿಸ್ಸನ್ನು ಹೊಸದಾಗಿ ರೂಪಿಸಿಯೇ ಮಾಡಿದೆ ಎಂಬುದನ್ನು ಮರೆಯಬಾರದು.

ಈಗ ತಗ್ಗಿಸುವ ಮಾತು. ತಗ್ಗಿದ ಗಾಡಿ ಮಗುಚಿಕೊಳ್ಳುವುದು ಕಡಿಮೆ ಎಂಬ ನಂಬಿಕೆ ನಿಜವೇ. ಗುರುತ್ವ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ, ಎಡ–ಬಲ ಚಕ್ರಗಳ ಅಂತರ ಎಷ್ಟು ಎಂಬ ಎರಡೇ ಅಳತೆಗಳ ಮೇಲೆ ಅದು ನಿಂತಿದೆ. ಚಕ್ರಗಳ ಅಂತರ 1.25 ಮೀಟರ್, ಗುರುತ್ವ ಕೇಂದ್ರದ ಎತ್ತರ 70 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. ನಿಂತ ಗಾಡಿಯನ್ನು ಪಕ್ಕಕ್ಕೆ ಸುಮಾರು 42 ಡಿಗ್ರಿ ವಾಲಿಸಿದರೆ ಮಗುಚುತ್ತದೆ. ಮೈಯನ್ನು 10 ಸೆಂ.ಮೀ. ತಗ್ಗಿಸಿದೆವು ಎನ್ನಿ. ಆಕ್ಸಲ್, ಚಕ್ರ, ಟೈರುಗಳು ಇದ್ದಲ್ಲೇ ಇರುತ್ತವೆ. ಗಾಡಿಯ ತೂಕದ ಐದರಲ್ಲಿ ನಾಲ್ಕು ಪಾಲು ಮಾತ್ರ ಕೆಳಗೆ ಬಂದರೆ ಗುರುತ್ವ ಕೇಂದ್ರ ಇಳಿಯುವುದು 8 ಸೆಂ.ಮೀ. ಮಗುಚುವ ಕೋನ 45 ಡಿಗ್ರಿ ಆಗುತ್ತದೆ. ಮೂರು ಡಿಗ್ರಿಯ ಲಾಭ. ಸ್ಪ್ರಿಂಗು, ಟೈರು ಒಂದು ಬದಿಗೆ ಕುಗ್ಗುವುದರಿಂದ ನಿಜವಾದ ಕೋನಗಳು ಇವಕ್ಕಿಂತ ಕಡಿಮೆಯೇ. ಈ ಮೂರು ಡಿಗ್ರಿಗಾಗಿ ಏನನ್ನು ತೆರುತ್ತೇವೆ ಎಂಬುದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ತೆರುವುದು ಚಕ್ರದ ಓಟವನ್ನು, ಅಂದರೆ ಉಬ್ಬು ಸಿಕ್ಕಾಗ ಚಕ್ರ ಚಾಸಿಸ್ಸಿಗೆ ಬಡಿಯದೆ ಎಷ್ಟು ಮೇಲೇಳಬಲ್ಲದು ಎಂಬ ಅಳತೆಯನ್ನು. ಹೊಡೆತದ ಶಕ್ತಿಯನ್ನು ಸ್ಪ್ರಿಂಗ್ ನುಂಗಬೇಕು. ಅದು ನುಂಗುವ ಶಕ್ತಿ ಸ್ಪ್ರಿಂಗಿನ ಗಡಸುತನಕ್ಕೂ ಓಟದ ವರ್ಗಕ್ಕೂ ಅನುಗುಣವಾಗಿರುತ್ತದೆ. 10 ಸೆಂ.ಮೀ. ಇದ್ದ ಓಟ 5 ಸೆಂ.ಮೀ.ಗೆ ಇಳಿದರೆ ಅದೇ ಹೊಡೆತವನ್ನು ತಡೆಯಲು ಸ್ಪ್ರಿಂಗ್ ನಾಲ್ಕು ಪಟ್ಟು ಗಡುಸಾಗಬೇಕು. ಆಗ ಗಾಡಿ ಕುಣಿಯುವ ವೇಗ ಎರಡು ಪಟ್ಟಾಗುತ್ತದೆ. ಸೆಕೆಂಡಿಗೆ ಒಂದು–ಒಂದೂವರೆ ಸಲ ಮೇಲೆ ಕೆಳಗಾಗುವ ಕಾರು ನಮಗೆ ಹಿತ. ಅದು ಮೂರಕ್ಕೆ ಏರಿದರೆ ಬೆನ್ನುಮೂಳೆಗೆ ಶಿಕ್ಷೆ. ಸ್ಪ್ರಿಂಗನ್ನು ಗಡುಸು ಮಾಡದೆ ಹಾಗೇ ಬಿಟ್ಟರೆ, ಮೊದಲ ಚರಂಡಿಯಲ್ಲೇ ಲೋಹಕ್ಕೆ ಲೋಹ ಬಡಿಯುತ್ತದೆ. ಸ್ಪ್ರಿಂಗನ್ನು ಗ್ಯಾಸ್ ಕಟರಿನಲ್ಲಿ ಕತ್ತರಿಸಿ ತಗ್ಗಿಸುವವರು ಇವೆರಡನ್ನೂ ಒಟ್ಟಿಗೆ ಕರೆದುಕೊಳ್ಳುತ್ತಾರೆ; ಕಾದ ಉಕ್ಕು ತನ್ನ ಹದವನ್ನೂ ಕಳೆದುಕೊಳ್ಳುತ್ತದೆ.

ಒಳ್ಳೆಯ ಕೆಲಸಗಾರರು ಅದಕ್ಕೇ ಸ್ಪ್ರಿಂಗನ್ನು ಮುಟ್ಟುವುದಿಲ್ಲ. ಚಕ್ರವನ್ನು ತೋಳುಗಳಿಗೆ ಜೋಡಿಸುವ ಸ್ಟೇರಿಂಗ್ ನಕಲ್ ತೆಗೆದು, ಚಕ್ರ ಕೂರುವ ಸ್ಪಿಂಡಲ್ಲನ್ನೇ ಮೇಲಕ್ಕೆ ಸರಿಸಿದ ಬೇರೆ ನಕಲ್ ಹಾಕುತ್ತಾರೆ. ಗಾಡಿ ತಗ್ಗಿದರೂ ತೋಳುಗಳ ಕೋನ, ಸ್ಪ್ರಿಂಗಿನ ಕೆಲಸ ಮೊದಲಿನಂತೆಯೇ ಉಳಿಯುತ್ತವೆ. ಇಲ್ಲಿ ಕೋನಗಳ ಮಾತು ಬಹಳ ಮುಖ್ಯ. ಚಕ್ರ ಮೇಲೇಳುವಾಗ ಸಸ್ಪೆನ್ಷನ್ ತೋಳಿನ ತುದಿ ಒಂದು ಕಮಾನು ಬರೆಯುತ್ತದೆ. ಸ್ಟೇರಿಂಗಿನ ಟೈ ರಾಡ್ ಇನ್ನೊಂದು ಕಮಾನು ಬರೆಯುತ್ತದೆ. ಎರಡೂ ಹೊಂದಿಕೊಂಡರೆ ಚಕ್ರ ನೇರವಾಗಿ ಮೇಲೇಳುತ್ತದೆ. ಹೊಂದದಿದ್ದರೆ ನೀವು ಸ್ಟೇರಿಂಗ್ ಅಲುಗಿಸದೆ ಹಿಡಿದಿದ್ದರೂ ಪ್ರತಿ ಉಬ್ಬಿನಲ್ಲೂ ಚಕ್ರ ತಾನಾಗಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಒಂದು ಬದಿಗೆ ಬರೆ, ಇನ್ನೊಂದು ಬದಿಗೆ ಕಂದರ ಇರುವ ಘಾಟಿ ತಿರುವಿನಲ್ಲಿ ಇದು ಪ್ರಾಣಕ್ಕೇ ಕುತ್ತು. ಬೇರೊಂದು ಕಾರಿನ ಮುಂಭಾಗ ತಂದು ಅಂದಾಜಿನಲ್ಲಿ ವೆಲ್ಡ್ ಮಾಡಿದಾಗ ಮೊದಲು ಕೆಡುವುದು ಈ ಹೊಂದಾಣಿಕೆಯೇ, ಮತ್ತು ಅದು ಗ್ಯಾರೇಜಿನ ಸಮತಟ್ಟು ನೆಲದ ಮೇಲೆ ತೋರುವುದೇ ಇಲ್ಲ.

ಚೆಟ್ಟಳ್ಳಿಯ ಮಟ್ಟಿಗೆ ಇನ್ನೂ ಒಂದು ಮಾತಿದೆ. ಇಡಿಯಾದ ಆಕ್ಸಲ್ಲಿನ ಮಧ್ಯದ ಉಂಡೆ, ಅಂದರೆ ಡಿಫರೆನ್ಷಿಯಲ್, ಗಾಡಿಯ ಅತಿ ತಗ್ಗಿನ ಭಾಗ. ಮೇಲೆ ಎಷ್ಟೇ ಮೂಟೆ ಹೇರಿದರೂ ನೆಲಕ್ಕೂ ಅದಕ್ಕೂ ಇರುವ ಅಂತರ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಏಕೆಂದರೆ ಅದು ಚಕ್ರಗಳ ಜೊತೆಗೇ ಇದೆ. ಪ್ರತ್ಯೇಕ ತೋಳುಗಳ ಸಸ್ಪೆನ್ಷನ್ನಿನಲ್ಲಿ ಡಿಫರೆನ್ಷಿಯಲ್ ಚಾಸಿಸ್ಸಿಗೆ ಅಂಟಿಕೊಂಡಿರುತ್ತದೆ. ಭಾರ ಬಿದ್ದಷ್ಟೂ ಅದು ನೆಲದತ್ತ ಇಳಿಯುತ್ತದೆ. ದಾರಿಯ ನಡುವೆ ದಿಣ್ಣೆ ಎದ್ದಿರುವ ತೋಟದ ರಸ್ತೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಕಾಡುದಾರಿಯ ಸಾಹಸಕ್ಕೆಂದೇ ಗಾಡಿ ಕಟ್ಟಿಸುವ ಕೆಲವರು 2010ರ ಥಾರ್‌ನ ಟಾರ್ಷನ್ ಬಾರ್ ಕಿತ್ತು ಹಳೆಯ ಜೀಪಿನಂಥ ಇಡೀ ಆಕ್ಸಲ್ ಹಾಕಿಸಿಕೊಳ್ಳುವುದೂ ಇದೆ. ಅಮೆರಿಕದವರ ಬದಲಾವಣೆಗೆ ಇದು ನೇರ ವಿರುದ್ಧ ದಿಕ್ಕು. ಅವರ ಹೆದ್ದಾರಿಗೆ ಅವರದು ಸರಿ, ನಮ್ಮ ಗುಡ್ಡಕ್ಕೆ ಇದು ಸರಿ.

ಹಾಗಾದರೆ ಎತ್ತರವಾಗಿ ನಿಂತು ಎಲುಬು ನೋಯಿಸುವ ಹಳೆಯ ಗಾಡಿಗೆ ಪರಿಹಾರವಿಲ್ಲವೇ? ಖಂಡಿತ ಇದೆ. ಮೊದಲು ಒಂದು ಸಂಗತಿ ಗಮನಿಸಬೇಕು: ವಿಲ್ಲೀಸ್ ಜೀಪಿನಲ್ಲಿ ಪ್ಲೇಟಿನ ಸೆಟ್ಟು ಇರುವುದು ಆಕ್ಸಲ್ಲಿನ ಕೆಳಗೆ. ಅಮೆರಿಕದ ಹಲವು ಪಿಕಪ್ಪುಗಳಲ್ಲಿ ಹಿಂದಿನ ಸ್ಪ್ರಿಂಗ್ ಆಕ್ಸಲ್ಲಿನ ಮೇಲಿರುತ್ತದೆ. ಅದನ್ನು ಕೆಳಗೆ ತಂದು ಕೂರಿಸುವುದೇ ಅಲ್ಲಿ ಗಾಡಿಯ ಹಿಂಭಾಗವನ್ನು ತಗ್ಗಿಸುವ ಪ್ರಸಿದ್ಧ ವಿಧಾನ. ಅಂದರೆ ಜೀಪು ಹುಟ್ಟುವಾಗಲೇ ತಗ್ಗಾಗಿದ್ದ ಗಾಡಿ. ಅದನ್ನು ಎತ್ತರ ಮಾಡಿದವರು ನಾವು, ಹೆಚ್ಚು ಮೂಟೆ ಹೇರಲು ಪ್ಲೇಟಿನ ಮೇಲೆ ಪ್ಲೇಟು ಸೇರಿಸಿ. ಎಂಟು ಪ್ಲೇಟಿನ ಸೆಟ್ಟಿಗೆ ಅದೇ ದಪ್ಪದ ಎರಡು ಸೇರಿಸಿದರೆ ಗಡಸುತನ ಸುಮಾರು ಕಾಲು ಭಾಗ ಏರುತ್ತದೆ. ದಪ್ಪ ಪ್ಲೇಟು ಹಾಕಿದರೆ ಇನ್ನೂ ಕಠಿಣ, ಏಕೆಂದರೆ ಗಡಸುತನ ದಪ್ಪದ ಘನಕ್ಕೆ ಅನುಗುಣ: 6 ಮಿ.ಮೀ. ಬದಲು 7 ಮಿ.ಮೀ. ಪ್ಲೇಟುಗಳಾದರೆ ಸುಮಾರು ಶೇಕಡ 59ರಷ್ಟು ಹೆಚ್ಚಳ. ಒಂದು ಮಿಲಿಮೀಟರಿನ ಬೆಲೆ ಅಷ್ಟು. ಮುಂಭಾಗಕ್ಕೆ ಹೀಗೆ ಮಾಡಿದ ಗಾಡಿಯಲ್ಲಿ ಆಕ್ಸಲ್ಲಿನ ಕೋನವೂ ಬದಲಾಗಿ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕುಂದಬಹುದು.

ನನ್ನ ಮಟ್ಟಿಗೆ, ತೋಟದ ಹಳೆಯ ಜೀಪನ್ನು ತಗ್ಗಿಸುವ ಒಳ್ಳೆಯ ದಾರಿಯೆಂದರೆ ಅದನ್ನು ಕಾರ್ಖಾನೆ ಕೊಟ್ಟ ಎತ್ತರಕ್ಕೆ ಮರಳಿಸುವುದು. ಸೇರಿಸಿದ ಪ್ಲೇಟುಗಳನ್ನು ತೆಗೆಸಿ, ಸೆಟ್ಟನ್ನು ಬಿಚ್ಚಿ ತುಕ್ಕು ಉಜ್ಜಿಸಿ, ನಡುವೆ ಗ್ರೀಸ್ ಹಚ್ಚಿಸಿ. ಶ್ಯಾಕಲ್ ಬುಷ್, ಕಿಂಗ್ ಪಿನ್ ಬೇರಿಂಗ್, ಟೈ ರಾಡ್ ಎಂಡ್ ಹೊಸದು ಹಾಕಿಸಿ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದರೆ ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ. ಮೂಟೆಯ ಲೆಕ್ಕವನ್ನು ಒಂದು ಸಲಕ್ಕೆ ಬದಲು ಎರಡು ಸಲಕ್ಕೆ ಹಂಚಿ. ಇಷ್ಟಕ್ಕೇ ಬಹುತೇಕ ಗಾಡಿಗಳ ಸ್ವಭಾವ ಬದಲಾಗುತ್ತದೆ.

ಇಡೀ ಮುಂಭಾಗವನ್ನೇ ಬದಲಿಸುವ ಆಸೆ ಇದ್ದವರಿಗೆ ಕಾನೂನಿನ ಅಡ್ಡಿಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಆದ್ದರಿಂದ ವೆಲ್ಡಿಂಗ್ ಆರಂಭಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಅದಕ್ಕೂ ಮೊದಲು ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಒಮ್ಮೆ ಖಾಲಿ, ಒಮ್ಮೆ ಮೂಟೆ ಹೇರಿ, ಆಕ್ಸಲ್ಲಿಗೂ ಚಾಸಿಸ್ಸಿನ ರಬ್ಬರ್ ತಡೆಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಟೇಪು ಹಿಡಿದು ಅಳೆದು ನೋಡಿ. ಹೇರಿದಾಗ ಉಳಿಯುವ ಅಷ್ಟು ಜಾಗವೇ ನಿಮ್ಮ ತೋಟದ ಚರಂಡಿಯನ್ನು ನುಂಗಲು ಆ ಗಾಡಿಗಿರುವ ಒಟ್ಟು ಶಕ್ತಿ.